ಗುರುಬಸವ್ವನ ಸಹಿ

ಅಂದು ಬೆಳಿಗ್ಗೆ ಮೋಡ ಮುಸುಕಿದ್ದರೂ, ಪೊರೆ ತೆಗೆಸಿದ ಗುರುಬಸವ್ವನ ಒಂದು ಕಣ್ಣಿಗೆ ಶಿವನ ಲೋಕವೆಲ್ಲ ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಕಣ್ಣು ಬಾಕಿಯಿತ್ತು. ಅಷ್ಟರಲ್ಲಿ ಸರ್ಕಾರಿ ವಿಮೆಯವರು ಸಹಿ ಸರಿಯಿಲ್ಲವೆಂದು ಮೊದಲ ಕಣ್ಣಿನ ಅರ್ಜಿಯನ್ನೇ ತಿರಸ್ಕರಿಸಿ, ಅವಳ ಆರೋಗ್ಯ ಕಾರ್ಡು ಹಿಡಿದಿಟ್ಟುಕೊಂಡಿದ್ದರು. ಅವಳು ಮೇಲ್ಮನವಿ ಬರೆದುಕೊಂಡು ಕಚೇರಿಗೆ ಬಂದಳು.

“ಅಜ್ಜಿ, ಸಹಿ ಹೊಂದಂಗಿಲ್ಲ. ಈ ಮನವ್ಯಾಗ ಮುತ್ತು ಪೋಣಿಸಿದಂಗ ಐತಿ. ಆಸ್ಪತ್ರಿ ಅರ್ಜ್ಯಾಗ ಸೊಟ್ಟಂಬಟ್ಟ, ಅದೂ ಬರೇ ‘ಗುರುಬ’!” ಎಂದರು ಸಾಹೇಬರು.

“ಅವತ್ತ ಕಣ್ಣ ಎಲ್ಲಿ ಕಾಣ್ತಿದ್ದುವು ಯಪ್ಪಾ?”

“ಹಂಗಾರ ಹಂಗ ಮಾಡಿ ತೋರಸ್ರಿ.”

ಗುರುಬಸವ್ವ ಶಿವನನ್ನು ನೆನೆದು, ಎರಡೂ ಕಣ್ಣು ಮುಚ್ಚಿ ಸಹಿ ಹಾಕಿದಳು.

ಕಾಗದದ ಮೇಲೆ ಸೊಟ್ಟಗೆ ‘ಗುರುಬ’ ಮೂಡಿತ್ತು. ಉಳಿದ ‘ಸವ್ವ’ ಸಾಹೇಬರ ಬಿಳಿ ಅಂಗಿಯ ತೋಳಿನ ಮೇಲಿತ್ತು. ಅವರು ಕಾರ್ಡನ್ನು ಅವಳ ಕೈಗಿಟ್ಟರು.