ಕಮ್ಮಾರನ ಹೆಸರು

ಜಮೀನ್ದಾರರ ಕಾರಭಾರಿ ಕುಂಟುವ ಕುದುರೆಯನ್ನು ಕುಲುಮೆಯ ಮುಂದೆ ನಿಲ್ಲಿಸಿ, ಬಾಗಿಲ ಮೇಲಿನ ಹೊಸ ಹಲಗೆ ನೋಡಿ ಸಿಡುಕಿದ. "ಏನಯ್ಯಾ ಫೆಲಿಮ್, ಸ್ಮಿತ್ ಅಂತ ಇದ್ದಿದ್ದು ಏನಾಯ್ತು? ಇದ್ಯಾವ ಗೀಚಾಟ?"

"ಮಕ್ ಗವನ್, ಸ್ವಾಮಿ. ನಮ್ಮ ಐರಿಶ್‌ನಲ್ಲಿ ಕಮ್ಮಾರನ ಮಗ ಅಂತ. ನಾಲಿಗೆ ಹೊರಳಲ್ಲ ಅಂತ ನಿಮ್ಮ ಇಂಗ್ಲಿಷ್ ಜನ ನಮ್ಮಜ್ಜನ್ನ ಸ್ಮಿತ್ ಮಾಡಿದ್ರು."

"ಇವತ್ತೇ ಅಳಿಸು. ಇಲ್ದಿದ್ರೆ ಬಂಗಲೆ ಕುದುರೆ ಒಂದೂ ಇತ್ತ ಬರಲ್ಲ."

ಫೆಲಿಮ್‌ನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಕುದುರೆಗಳಿಂದ. ಆದರೂ ಅವನು ಕೈಯಲ್ಲಿದ್ದ ಲಾಳವನ್ನು ಕೆಳಗಿಟ್ಟು, ಕೈಕಟ್ಟಿ ನಿಂತ. "ಯಾರ ಕುಲುಮೆಗೆ ಬಂದಿದೀರಿ ಅಂತ ನಿಮ್ಮ ಬಾಯಿಂದಲೇ ಹೇಳಿ, ಲಾಳ ಹೊಡೀತೀನಿ."

ಮುಂದಿನ ಕುಲುಮೆ ಬೆಟ್ಟದಾಚೆಯ ಊರಿನಲ್ಲಿತ್ತು. ಕುದುರೆ ಕಾಲೆತ್ತಿಕೊಂಡೇ ನಿಂತಿತ್ತು.

"ಮಕ್... ಗವನ್," ಎಂದು ಕಾರಭಾರಿ ಗೊಣಗಿದ.

"ಜೋರಾಗಿ ಹೇಳಿ ಸ್ವಾಮಿ, ಒಳಗೆ ತಿದಿ ಒತ್ತೋ ನಮ್ಮವಳಿಗೂ ಕೇಳ್ಲಿ."