ಅಮ್ಮನ ಮಣಿಕಟ್ಟು

"ಹೆಬ್ಬೆರಳನ್ನ ಕಿರುಬೆರಳಿಗೆ ತಾಗಿಸಿ ಮಣಿಕಟ್ಟು ಬಗ್ಗಿಸಪ್ಪ" ಎಂದರು ಡಾಕ್ಟರ್ ಹ್ಯಾಸ್ಕಿನ್ಸ್. ವೆಂಡೆಲ್ ಎಡಗೈ ಬಗ್ಗಿಸಿದ. ಚರ್ಮದಡಿ ಹುರಿಯಂತೆ ಏಳಬೇಕಾದ ಸ್ನಾಯುರಜ್ಜು ಏಳಲಿಲ್ಲ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ. ಬಲ ಮಣಿಕಟ್ಟಿನದನ್ನು ಹಿಂದಿನ ಆಪರೇಷನ್ನಿನಲ್ಲೇ ತೆಗೆದು, ಅವನ ಮೊಣಕೈಯಲ್ಲಿ ಹರಿದುಹೋಗಿದ್ದ ಕಟ್ಟಿನ ಬದಲಿಗೆ ಹಾಕಿದ್ದರು. ಬೇಸ್‌ಬಾಲ್ ಚೆಂಡು ಎಸೆದೂ ಎಸೆದೂ ಈಗ ಅದೂ ಹರಿದಿತ್ತು.

"ಹಂಗಾದ್ರೆ ತೊಡೆಯಿಂದ ತಗೊಳ್ಳೋಣ. ಮತ್ತೆ ಒಂದೂವರೆ ವರ್ಷ ಆಟ ಇಲ್ಲ." ವೆಂಡೆಲ್ ತಲೆಯಾಡಿಸಿದ. ಬೇಡವೆನ್ನುವುದಕ್ಕೂ ಅವನಲ್ಲಿ ತ್ರಾಣವಿರಲಿಲ್ಲ.

ಮೋಟೆಲ್ಲಿನ ರೂಮುಗಳನ್ನು ತೊಳೆದು ಸಮವಸ್ತ್ರದಲ್ಲೇ ಬಂದಿದ್ದ ಅವನ ತಾಯಿ ಲೊರೀನ್, ಪಕ್ಕದ ಕುರ್ಚಿಯಲ್ಲಿ ಕೂತು ತಾನೂ ಬೆರಳು ತಾಗಿಸಿ ನೋಡುತ್ತಿದ್ದಳು. ಅವಳ ಮಣಿಕಟ್ಟಿನಲ್ಲಿ ಹುರಿ ಸೆಟೆದು ನಿಂತಿತ್ತು. ಆ ಕೈಯನ್ನೇ ಮುಂದೆ ಚಾಚಿದಳು. "ಡಾಕ್ಟ್ರೇ, ನಂದು ಗಟ್ಟಿ ಐತೆ. ಇದನ್ನೇ ಹಾಕಿ."

"ಬದುಕಿರೋರದ್ದು ತಗೊಳ್ಳಲ್ಲಮ್ಮ. ಬೇರೆಯವರದ್ದು ಅಂದ್ರೆ ಸತ್ತವರದ್ದೇ."

"ನಾನು ಸಾಯೋತನಕ ಇವನು ಕಾಯ್ಬೇಕಾ?"

ಡಾಕ್ಟರು ನಕ್ಕರು. ಲೊರೀನ್ ನಗಲಿಲ್ಲ, ಕೈಯನ್ನೂ ಹಿಂತೆಗೆಯಲಿಲ್ಲ. ವೆಂಡೆಲ್ ಆ ಕೈ ನೋಡಿದ. ವರ್ಷಗಟ್ಟಲೆ, ಕೆಲಸದಿಂದ ಬಂದು ಸಂಜೆಯೆಲ್ಲ ಹಿತ್ತಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅವನೆಸೆದ ಚೆಂಡುಗಳನ್ನು ಹಿಡಿದದ್ದು ಅದೇ ಕೈ. ಗೆಣ್ಣುಗಳು ಊದಿದ್ದವು.

ಅವನು ಅದನ್ನು ಮೆಲ್ಲಗೆ ಅವಳ ಮಡಿಲಿಗೆ ಇಳಿಸಿದ.

"ಸಾಕಮ್ಮ. ನಾನಿನ್ನು ಎಸೆಯಲ್ಲ."