ಹ್ರೂಬಿ ಬಿಟ್ಟ ಚೆಂಡು

"ಅರವತ್ಮೂರು ಆದ ಮೇಲೆ ಅರವತ್ತೈದು ಬಂದಿದೆ. ಅರವತ್ನಾಲ್ಕು ಎಲ್ಲಮ್ಮ?" ಎಂದು ಕೇಳಿದ ಲ್ಯಾಡಿ ಹ್ರೂಬಿ.

ಡೊಲೊರೆಸಳ ಬಾರಿನಲ್ಲಿ ಎರಡು ಮೇಜು ಜೋಡಿಸಿ ಅದರ ಮೇಲೆ ಉದ್ದನೆಯ ಕಾಗದ ಹಾಸಿದ್ದರು. ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್‌ನ ಮಿಲ್‌ಹೇವನ್ ಹ್ಯಾಮರ್ಸ್ ತಂಡಕ್ಕೆ ಎಪ್ಪತ್ತೈದು ವರ್ಷ ತುಂಬಿತ್ತು. ಹೊಸ ಕ್ರೀಡಾಂಗಣದ ಗೋಡೆಯ ಮೇಲೆ ತಂಡದ ಚರಿತ್ರೆಯನ್ನು ಬರೆಸುವವರಿದ್ದರು. ಇದು ಅದರ ನಕ್ಷೆ. ತಂದವಳು ಮೆಲಿಂಡಾ ಪ್ರೈಸ್, ತಂಡದ ಚರಿತ್ರೆ ವಿಭಾಗದ ಮುಖ್ಯಸ್ಥೆ. ಹೋದ ವರ್ಷದವರೆಗೆ ಬೆಕ್ಕಿನ ಆಹಾರದ ಜಾಹೀರಾತು ನೋಡಿಕೊಳ್ಳುತ್ತಿದ್ದಳು. ಹಾಸಿಗೆ ಮಾರಿ ಶ್ರೀಮಂತನಾಗಿ ತಂಡವನ್ನೇ ಕೊಂಡುಕೊಂಡ ಹೊಸ ಮಾಲೀಕನಿಗೆ ಎರಡು ಕೆಲಸಗಳ ನಡುವೆ ಅಂಥ ವ್ಯತ್ಯಾಸವೇನೂ ಕಾಣಿಸಿರಲಿಲ್ಲ. ಬದುಕಿರುವ ಆಟಗಾರರಲ್ಲಿ ಲ್ಯಾಡಿಯೇ ಹಿರಿಯನೆಂದು ಅವನ ಫೋಟೋ ತೆಗೆಯಲು ಬಂದಿದ್ದಳು.

"ಬೇಜಾರು ತರೋ ವರ್ಷಗಳನ್ನೆಲ್ಲ ಬಿಟ್ಟಿದ್ದೀವಿ ಸರ್. ಟಿಕೆಟ್ ತಗೊಂಡು ಬಂದವರ ಮನಸ್ಸು ಯಾಕೆ ಕೆಡಿಸೋದು?"

"ಹಂಗೆ ಬಿಟ್ರೆ ಉಳಿದಿದ್ದೆಷ್ಟು?"

"ಹತ್ತೊಂಬತ್ತು. ಮಿಕ್ಕ ಗೋಡೇನ ಪಿಜ್ಜಾ ಕಂಪನಿಯವರಿಗೆ ಕೊಟ್ವಿ."

ಅರವತ್ನಾಲ್ಕರ ಫೈನಲ್‌ನಲ್ಲಿ, ಆಟ ಮುಗಿಯಲು ನಾಲ್ಕು ಸೆಕೆಂಡು ಇದ್ದಾಗ, ಚೆಂಡು ಗಾಳಿಯಲ್ಲಿ ತೇಲಿ ನೇರ ಲ್ಯಾಡಿಯ ಎದೆಗೇ ಬಂದಿತ್ತು. ಅಂಕ ಸಿಗುವ ಗೆರೆಯ ಆಚೆ ಅವನೊಬ್ಬನೇ ನಿಂತಿದ್ದ, ಹತ್ತಿರದಲ್ಲಿ ಎದುರಾಳಿಯ ನೆರಳೂ ಇರಲಿಲ್ಲ. ಸುಮ್ಮನೆ ಹಿಡಿದಿದ್ದರೆ ಸಾಕಿತ್ತು, ಹ್ಯಾಮರ್ಸ್ ಚಾಂಪಿಯನ್ ಆಗುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ತಂಡ ಮತ್ತೆ ಫೈನಲ್ ಮುಖವನ್ನೇ ಕಾಣಲಿಲ್ಲ.

ಮೊದಲ ಹನ್ನೆರಡು ವರ್ಷ ಊರಿನವರು ಅವನ ಮನೆಯ ಕಿಟಕಿಗೆ ಕಲ್ಲು ಹೊಡೆದರು. ಹದಿಮೂರನೆಯ ವರ್ಷ ಉಕ್ಕಿನ ಕಾರ್ಖಾನೆ ಮುಚ್ಚಿತು, ಸಿಟ್ಟು ಮಾಡಿಕೊಳ್ಳಲು ಅದಕ್ಕಿಂತ ದೊಡ್ಡ ಕಾರಣ ಸಿಕ್ಕಿತು. ಅಲ್ಲಿಂದ ಮುಂದೆ ಪ್ರತಿ ಡಿಸೆಂಬರಿನ ಎರಡನೆಯ ಭಾನುವಾರ ಈ ಬಾರಿನಲ್ಲಿ ಯಾರಾದರೊಬ್ಬರು ಲ್ಯಾಡಿಯತ್ತ ಬಿರುಸಾಗಿ ಚೆಂಡು ಎಸೆಯುವರು. ಅವನು ಬಿಡುವನು. ಬಾರಿಗೆ ಬಾರೇ ಎದ್ದು ನಿಂತು ಕೂಗುವುದು. ಡೊಲೊರೆಸ್ ಹುರಿದ ಮೀನಿನ ತಟ್ಟೆ ತಂದು ಅವನ ಮುಂದಿಡುವಳು. ವರ್ಷಕ್ಕೊಮ್ಮೆ ಊರು ಅವನನ್ನು ಹೀಗೆ ಕ್ಷಮಿಸುತ್ತಿತ್ತು. ಹೆಂಡತಿ ಹೋದ ಮೇಲೆ ಅವನಿಗೆ ಇದ್ದದ್ದು ಅದೊಂದೇ ಹಬ್ಬ. ಇವತ್ತು ಅದೇ ಭಾನುವಾರ.

"ನಿಮಗೇ ಒಳ್ಳೇದಲ್ವಾ ಸರ್?" ಎಂದಳು ಮೆಲಿಂಡಾ. "ಇನ್ಮೇಲೆ ಯಾರೂ ನಿಮ್ಮನ್ನ ಆಡಿಕೊಳ್ಳಲ್ಲ."

"ಐವತ್ತೆಂಟು ಸಾವಿರ ಜನ ನೋಡಿದಾರಮ್ಮ. ಹಿಮದಲ್ಲಿ ನಡುಗ್ತಾ ಕೂತು ನೋಡಿದಾರೆ. ಅವರಿಗೇನು ಹೇಳ್ತೀಯ?"

"ಅವರಲ್ಲಿ ಈಗ ಎಷ್ಟು ಜನ ಇದ್ದಾರೆ?"

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ವರ್ಷದ ತಂಡದಲ್ಲಿ ಉಳಿದಿದ್ದವನು ಲ್ಯಾಡಿಯೊಬ್ಬನೇ; ಅರವತ್ನಾಲ್ಕು ಹೋದರೆ ಅವನು ಯಾರೂ ಅಲ್ಲ.

"ಒಂದು ಕೆಲಸ ಮಾಡು. ನಾನು ಬಿಡೋದನ್ನೇ ಫೋಟೋ ತೆಗಿ. ಕೆಳಗೆ ಅರವತ್ನಾಲ್ಕು ಅಂತ ಬರೆದು ಗೋಡೆಗೆ ಹಾಕು."

"ತೆಗೀತೀನಿ ಸರ್. ಹಾಕೋದು ಬಿಡೋದು ಸಾಹೇಬ್ರಿಗೆ ಬಿಟ್ಟಿದ್ದು."

"ಅಯ್ಯೋ, ಧೈರ್ಯವಾಗಿ ತೆಗಿಯಮ್ಮ," ಎಂದಳು ಡೊಲೊರೆಸ್, ಗೋಡೆಯ ಮೊಳೆಯಿಂದ ಹಳೆಯ ಚೆಂಡನ್ನು ಇಳಿಸುತ್ತ. "ಹುಟ್ಟುಗುಣ ಸುಟ್ಟರೂ ಹೋಗಲ್ಲ. ಅರವತ್ತು ವರ್ಷದಲ್ಲಿ ಇವನು ಒಂದೇ ಒಂದು ಸಲ ಹಿಡಿದಿಲ್ಲ."

ಬಾರಿನವರೆಲ್ಲ ಲೋಟ ಕೆಳಗಿಟ್ಟು ಎದ್ದು ನಿಂತರು. ಲ್ಯಾಡಿ ಊರುಗೋಲನ್ನು ಮೇಜಿಗೆ ಒರಗಿಸಿ, ಅಂದಿನಂತೆಯೇ ಎರಡೂ ಕೈ ಚಾಚಿದ. ಮೆಲಿಂಡಾ ಕ್ಯಾಮೆರಾ ಎತ್ತಿದಳು. ಸೊಂಟದ ಆಪರೇಷನ್ ಆಗಿ ಇನ್ನೂ ಎರಡು ತಿಂಗಳಾಗಿಲ್ಲ, ಎಲ್ಲಿ ಬಿದ್ದುಬಿಡುತ್ತಾನೋ ಎಂದು ಡೊಲೊರೆಸಳಿಗೆ ಭಯವಾಯಿತು. ಅದಕ್ಕೇ ಆ ಸಲ ಚೆಂಡನ್ನು ಮೆತ್ತಗೆ, ತೀರಾ ಮೆತ್ತಗೆ ಎಸೆದಳು.

ಚೆಂಡು ಬಂದು ಅವನ ತೋಳುಗಳ ನಡುವೆ ಮಗುವಿನ ಹಾಗೆ ಮಲಗಿತು.

"ಸೂಪರ್ ಸರ್," ಎಂದಳು ಮೆಲಿಂಡಾ. ಕ್ಯಾಮೆರಾ ಮೂರು ಸಲ ಮಿಂಚಿತು. "ಇದು ಅರವತ್ನಾಲ್ಕಕ್ಕೆ ಹೇಳಿ ಮಾಡಿಸಿದಂಗಿದೆ. ಪಿಜ್ಜಾದವರ ಹತ್ರ ಎರಡಡಿ ಗೋಡೆ ವಾಪಸ್ ಇಸ್ಕೊಳ್ತೀನಿ." ನಕ್ಷೆಯನ್ನು ಸುರುಳಿ ಸುತ್ತಿ, ಎಲ್ಲರಿಗೂ ನಗುನಗುತ್ತ ಕೈ ಮಾಡಿ ಹೊರಟುಹೋದಳು.

ಕೂಗಲು ಬಾಯಿ ತೆರೆದವರು ಹಾಗೆಯೇ ನಿಂತಿದ್ದರು. ಡೊಲೊರೆಸ್ ಮೀನಿನ ತಟ್ಟೆಯನ್ನು ಅರ್ಧ ಎತ್ತಿ, ಕೊಡುವುದೋ ಬೇಡವೋ ತಿಳಿಯದೆ ಮತ್ತೆ ಕಟ್ಟೆಯ ಮೇಲಿಟ್ಟಳು. ಕಿಟಕಿಯ ಪಕ್ಕ ಕುಳಿತಿದ್ದ, ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದ ಮುದುಕನೊಬ್ಬ ಲ್ಯಾಡಿಯನ್ನೇ ದಿಟ್ಟಿಸಿ ನೋಡಿದ.

"ಹಿಡಿಯೋಕೆ ಬರ್ತಿತ್ತಲ್ಲೋ ನಿಂಗೆ," ಎಂದ. "ಅವತ್ತೇನಾಗಿತ್ತು?"

ಒಬ್ಬೊಬ್ಬರಾಗಿ ಎಲ್ಲರೂ ಕುಳಿತುಕೊಂಡು, ಲ್ಯಾಡಿಗೆ ಬೆನ್ನು ತಿರುಗಿಸಿ ಟಿವಿ ನೋಡತೊಡಗಿದರು. ಅಲ್ಲಿ ಹ್ಯಾಮರ್ಸ್ ಸೋಲುತ್ತಿದ್ದರು.

ಲ್ಯಾಡಿ ಕೈ ಸಡಿಲಿಸಿದ. ಚೆಂಡು ನೆಲಕ್ಕೆ ಬಿದ್ದು, ಎರಡು ಸಲ ಪುಟಿದು, ಕುರ್ಚಿಗಳ ಕೆಳಗೆ ಉರುಳಿಹೋಯಿತು. ಯಾರೂ ನೋಡಲಿಲ್ಲ.